ಹೂಂಗುಟ್ಟುವ ಹೆಬ್ಬೆರಳು

ವಿಡಿಯೊ ಗೇಮಿನಲ್ಲಿ ಯಾವುದಾದರೂ ಪಾತ್ರ ಬಾಯಿ ತೆರೆದರೆ ಮಾತಿನ ಚೌಕದ ಮೂಲೆಯಲ್ಲಿ ಸಣ್ಣದೊಂದು ಬಾಣ ಮಿನುಗುತ್ತದೆ. ಒತ್ತಿದರೆ ಮುಂದಿನ ಮಾತು ಬರುತ್ತದೆ. ಒತ್ತಿ ಹಿಡಿದರೆ ಮಾತೆಲ್ಲ ಮಾಯವಾಗಿ ಕಥೆ ಮುಗಿದೇ ಹೋಗುತ್ತದೆ. ಗೇಮ್ ತಯಾರಿಸುವವರು ಬೆಟ್ಟ, ಸಮುದ್ರ, ಮಳೆ, ಹಾರುವ ಕಾಗೆಗಳನ್ನು ತಿಂಗಳುಗಟ್ಟಲೆ ತಿದ್ದಿ ತೀಡುತ್ತಾರೆ. ಈ ಬಾಣವನ್ನು ಮಾತ್ರ ಒಂದು ಮಧ್ಯಾಹ್ನ ಊಟಕ್ಕೆ ಏಳುವ ಮೊದಲು ಮುಗಿಸಿಬಿಡುತ್ತಾರೆ. ಆಡುವವರ ಲೆಕ್ಕ ಬೇರೆ. ಅವರು ಬೆಟ್ಟವನ್ನು ಒಮ್ಮೆ ನೋಡುತ್ತಾರೆ, ಬಾಣವನ್ನು ಸಾವಿರ ಸಲ ಒತ್ತುತ್ತಾರೆ.

ನಾನು ತಯಾರಿಸಿದ ಮೊದಲ ಗೇಮಿನಲ್ಲಿ ಬೆಟ್ಟವಿಲ್ಲ, ಒಂದು ನದಿ ಇದೆ. ಮಂಗಳೂರಿನ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಇದೆಯಲ್ಲ, ಶತ್ರುಗಳ ಹಡಗು ಗುರುಪುರ ನದಿಗೆ ನುಗ್ಗದಿರಲಿ ಎಂದು ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ, ಅದರ ಮಗ್ಗುಲಿನಿಂದ ಆಚೆ ದಡದ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ಗೇಮ್ ಆಡುವವರು ಆ ದೋಣಿಯ ಅಂಬಿಗರು. ಜನ ಹತ್ತುತ್ತಾರೆ, ತಮ್ಮ ಕಥೆ ಹೇಳುತ್ತಾರೆ, ಇಳಿಯುತ್ತಾರೆ. ಯುದ್ಧವಿಲ್ಲ, ಅಂಕವಿಲ್ಲ, ಯಾರೂ ಸಾಯುವುದಿಲ್ಲ. ನಿಜವಾದ ದೋಣಿಗೆ ಎಂಜಿನ್ ಇದೆ. ಆಡುವವರ ಕೈಗೆ ಏನಾದರೂ ಕೆಲಸ ಬೇಕಲ್ಲ ಎಂದು ನಾನು ಹುಟ್ಟು ಕೊಟ್ಟಿದ್ದೇನೆ. ಗೇಮ್ ಬಿಡುಗಡೆಯಾದ ಮೇಲೆ ಬಂದ ಮೊದಲ ಅಭಿಪ್ರಾಯ ಹೀಗಿತ್ತು: ‘ನದಿ ಬಹಳ ಚೆನ್ನಾಗಿದೆ. ಕುಳಿತವರನ್ನು ನೀರಿಗೆ ತಳ್ಳುವ ಅವಕಾಶವೂ ಇದ್ದರೆ ಒಳ್ಳೆಯದಿತ್ತು.’

ನನಗೆ ಇದು ಟೀಕೆಯೋ ತಮಾಷೆಯೋ ತಿಳಿಯಲಿಲ್ಲ. ಮುಂದಿನವುಗಳಲ್ಲಿ ಅಂಥ ಗೊಂದಲವಿರಲಿಲ್ಲ. ‘ಮಾತು ಹೆಚ್ಚು, ದೋಣಿ ಕಡಿಮೆ.’ ‘ಮೀನು ಮಾರುವ ಹೆಂಗಸು ತನ್ನ ಅಳಿಯನ ವಿಷಯ ಹೇಳುವಷ್ಟರಲ್ಲಿ ನಾನು ಈಜಿಕೊಂಡು ತಣ್ಣೀರುಬಾವಿ ಸೇರಬಹುದಿತ್ತು.’ ಈ ಕೊನೆಯ ಮಾತಿನಲ್ಲಿ ಸತ್ಯಾಂಶವಿತ್ತು. ಆ ಹೊಳೆ ದಾಟಲು ಕೆಲವೇ ನಿಮಿಷ ಸಾಕು. ನನ್ನ ಪ್ರಯಾಣಿಕರಿಗೆ ಅಷ್ಟು ಹೊತ್ತು ಗಂಟಲು ಸರಿಮಾಡಿಕೊಳ್ಳುವುದಕ್ಕೇ ಬೇಕು. ಹಾಗಾಗಿ ದೋಣಿ ನಡುನೀರಿನಲ್ಲಿ ನಿಂತು, ಕಥೆ ಮುಗಿದ ಮೇಲೆಯೇ ಮುಂದೆ ಹೋಗುವಂತೆ ಏರ್ಪಾಡು ಮಾಡಿದ್ದೆ.

ಗೇಮ್ ಆಡುವವರ ಪಕ್ಕದಲ್ಲಿ ಕುಳಿತು ನೋಡಬೇಕು, ಆದರೆ ತುಟಿ ಬಿಚ್ಚಬಾರದು ಎನ್ನುವುದು ಈ ವೃತ್ತಿಯ ಹಳೆಯ ನಿಯಮ. ಮುಂದೆ ಯಾರೋ ದೂರದಲ್ಲಿ ಒಂಟಿಯಾಗಿ ಆಡುವಾಗ ನಾವು ಹೋಗಿ ವಿವರಿಸಲು ಆಗುವುದಿಲ್ಲ, ಅದಕ್ಕೆ. ಕರಾವಳಿಯವರಿಗೆ ಈ ನಿಯಮ ಕಷ್ಟ. ನಮ್ಮಲ್ಲಿ ಪಕ್ಕದಲ್ಲಿ ಕುಳಿತವರು ಮಾತನಾಡದಿದ್ದರೆ ಜ್ವರವಿದೆಯೇ ಎಂದು ಕೇಳುತ್ತಾರೆ. ಆದರೂ ಹಲ್ಲು ಕಚ್ಚಿ ಕುಳಿತೆ. ನೆರೆಮನೆಯ ಕಾಲೇಜು ಹುಡುಗ ಆಡಿದ. ಮೀನಿನ ಹೆಂಗಸು ಬಾಯಿ ತೆರೆದಳೋ ಇಲ್ಲವೋ, ಬಾಣವನ್ನು ಒತ್ತಿ ಹಿಡಿದು ಕಿಟಕಿಯ ಹೊರಗೆ ನೋಡತೊಡಗಿದ. ನಂತರ ಅವನ ತಾಯಿ ಆಡಿದರು. ಅವರು ಬಾಣವನ್ನು ಒತ್ತುವ ಮೊದಲು ಪ್ರತಿ ಸಲವೂ ಪರದೆಗೆ ಏನಾದರೊಂದು ಹೇಳುತ್ತಿದ್ದರು. ‘ಹೂಂ.’ ‘ಅಯ್ಯೋ.’ ‘ಆಮೇಲೆ?’ ಒಮ್ಮೆಯಂತೂ ‘ನನಗೆ ಮೊದಲೇ ಗೊತ್ತಿತ್ತು’ ಎಂದರು. ಮೊದಲೇ ಗೊತ್ತಾಗುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಹಿಂದಿನ ಅಜ್ಜಿಯರು ಕಥೆ ಹೇಳುವಾಗ ಹೂಂಗುಟ್ಟುವವರೊಬ್ಬರು ಇರಲೇಬೇಕಿತ್ತು. ಹೂಂ ಕೇಳಿಸದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಮಕ್ಕಳು ನಿದ್ದೆ ಹೋದರು ಎಂದು ಅಜ್ಜಿಗೆ ತಿಳಿಯುತ್ತಿದ್ದದ್ದೂ ಹಾಗೆಯೇ. ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದಾಗ ಭಾಗವತರು ‘ಬಂದಂಥವರು ಯಾರು?’ ಎಂದು ವಿಚಾರಿಸುತ್ತಾರೆ. ಭಾಗವತರಿಗೆ ಗೊತ್ತಿಲ್ಲವೆಂದಲ್ಲ, ಅವರೇ ಈಗಷ್ಟೇ ಹಾಡಿ ಕರೆದದ್ದು. ಹೇಳುವವರಿಗೆ ಕೇಳುವವರ ಧ್ವನಿಯೊಂದು ಬೇಕು. ನನ್ನ ಬಾಣ ಮಾಡಬೇಕಾಗಿದ್ದ ಕೆಲಸವೂ ಇದೇ. ಹುಡುಗನಿಗೆ ಅದು ಕಥೆಯನ್ನು ದಾಟುವ ಗುಂಡಿ. ಅವನ ತಾಯಿ ಮಾತ್ರ ಅದರಿಂದ ಹೂಂಗುಟ್ಟುತ್ತಿದ್ದರು.

ಮಾತು ಉದ್ದವಾಯಿತು ಎಂಬ ದೂರಿನ ಬಗ್ಗೆ ನನಗೆ ಒಳಗೊಳಗೇ ತಕರಾರಿತ್ತು. ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲ ಪೂರ್ತಿ ನಮ್ಮಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಬಿಳಿ ಪಂಚೆ ಉಟ್ಟ ಅರ್ಥಧಾರಿಗಳು ಕುಳಿತು ಗಂಟೆಗಟ್ಟಲೆ ವಾದಿಸುತ್ತಾರೆ. ಬಾಣ ನೆಟ್ಟ ವಾಲಿ ರಾಮನಿಗೆ ನ್ಯಾಯ ಕೇಳುತ್ತಾ ಎಷ್ಟು ಹೊತ್ತು ಬದುಕಿರುತ್ತಾನೆ ಎನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರ ಸಿಗಲಾರದು. ಕೃಷ್ಣನ ಸಂಧಾನ ಮುರಿದು ಬೀಳುತ್ತದೆಂದು ಸಭೆಯ ಕೊನೆಯ ಸಾಲಿನ ಮಗುವಿಗೂ ಗೊತ್ತು. ಆದರೂ ಜನ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಬರುತ್ತಾರೆ. ಇಂಥ ಊರಿನವರು ನಾಲ್ಕು ನಿಮಿಷದ ಅಳಿಯನ ಕಥೆಯನ್ನು ಉದ್ದವೆನ್ನುವುದು ಯಾವ ನ್ಯಾಯ?

ನ್ಯಾಯವಿದೆ. ತಾಳಮದ್ದಳೆಗೆ ಬಂದವರ ಕೈಯಲ್ಲಿ ಹುಟ್ಟು ಇರುವುದಿಲ್ಲ. ಕೈಗೆ ಹುಟ್ಟು ಕೊಟ್ಟು, ಎದುರಿಗೆ ಹೊಳೆ ಹರಿಸಿ, ಆಚೆ ದಡ ತೋರಿಸಿ, ‘ಈಗ ಕೈಕಟ್ಟಿ ಕುಳಿತು ಕೇಳಿ’ ಎಂದರೆ ಸಾಧುವಿಗೂ ಸಿಟ್ಟು ಬರುತ್ತದೆ. ನೀರಿಗೆ ತಳ್ಳಬೇಕು ಎಂದಿದ್ದವರನ್ನು ಅನಂತರ ನಾನು ಗೌರವದಿಂದಲೇ ನೆನೆದುಕೊಂಡಿದ್ದೇನೆ. ಅವರಿಗೆ ಕಥೆ ಬೇಡವಾಗಿರಲಿಲ್ಲ, ದೋಣಿ ನಿಂತದ್ದು ಬೇಡವಾಗಿತ್ತು.

ಅಮೆರಿಕದ ವಾಲ್ವ್ ಸಂಸ್ಥೆ 2007ರಲ್ಲಿ ಹೊರತಂದ ‘ಪೋರ್ಟಲ್’ ಎಂಬ ಗೇಮಿನಲ್ಲಿ ಒಂದು ಪೆಟ್ಟಿಗೆ ಇದೆ. ಒಂದು ಹಂತದಲ್ಲಿ ಆಡುವವರು ಅದನ್ನು ಉದ್ದಕ್ಕೂ ಹೊತ್ತೊಯ್ಯಬೇಕು. ಪರೀಕ್ಷೆಗೆ ಆಡಿದವರು ಅದನ್ನು ಎಲ್ಲೆಂದರಲ್ಲಿ ಬಿಟ್ಟು ಮುಂದೆ ಹೋಗಿ ಸಿಕ್ಕಿಬೀಳುತ್ತಿದ್ದರು. ಪೆಟ್ಟಿಗೆಯನ್ನು ಮರೆಯಬೇಡಿ ಎಂದು ಫಲಕ ಹಾಕಬಹುದಿತ್ತು. ತಯಾರಕರು ಹಾಗೆ ಮಾಡದೆ ಪೆಟ್ಟಿಗೆಯ ಮೇಲೆ ಒಂದು ಹೃದಯದ ಚಿತ್ರ ಬಿಡಿಸಿದರು. ಇದು ನಿಮ್ಮ ಸಂಗಾತಿ ಎಂದು ಗೇಮಿನೊಳಗಿನ ಯಂತ್ರದ ಬಾಯಲ್ಲಿ ಹೇಳಿಸಿದರು. ಆಮೇಲೆ ಯಾರೂ ಬಿಟ್ಟು ಹೋಗಲಿಲ್ಲ. ಹಂತದ ಕೊನೆಗೆ ಅದೇ ಪೆಟ್ಟಿಗೆಯನ್ನು ಕುಲುಮೆಗೆ ಹಾಕಿ ಸುಡಬೇಕೆಂದಾಗ, ಒಂದು ಲೋಹದ ಡಬ್ಬಕ್ಕಾಗಿ ಜಗತ್ತಿನಾದ್ಯಂತ ಜನ ಮನಸ್ಸು ಸಣ್ಣ ಮಾಡಿಕೊಂಡರು. ಆಡುವವರ ಮರೆವಿನಿಂದ ಒಂದು ಪಾತ್ರವೇ ಹುಟ್ಟಿತು. ಕಥೆ ಹೇಳುವುದರ ಬಗ್ಗೆ ಬಂದ ಅಭಿಪ್ರಾಯಕ್ಕೆ ಇದಕ್ಕಿಂತ ಸೊಗಸಾದ ಉತ್ತರವನ್ನು ನಾನು ಕಂಡಿಲ್ಲ.

ಎಲ್ಲ ಅಭಿಪ್ರಾಯಗಳಿಗೂ ಇಷ್ಟು ಚೆಂದದ ಉತ್ತರ ಸಿಗುವುದಿಲ್ಲ. ‘ನಿಮ್ಮ ಪಾತ್ರಗಳು ಪಠ್ಯಪುಸ್ತಕದಂತೆ ಮಾತನಾಡುತ್ತವೆ, ಯಾವ ಊರಿನ ಅಂಬಿಗ ಹೀಗೆ ಮಾತನಾಡುತ್ತಾನೆ?’ ಎಂದು ಘಟ್ಟದ ಮೇಲಿನವರೊಬ್ಬರು ಕೇಳಿದ್ದರು. ಮಂಗಳೂರಿನ ಅಂಬಿಗ ಮಾತನಾಡುತ್ತಾನೆ. ಇಲ್ಲಿ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ ಆಡುವ ಅನೇಕರು ಕನ್ನಡವನ್ನು ಕಲಿತದ್ದೇ ಶಾಲೆಯ ಪುಸ್ತಕದಿಂದ. ಹಾಗಾಗಿ ವಿಭಕ್ತಿ ಪ್ರತ್ಯಯಗಳು ಪೂರ್ತಿ ಮೈಬಟ್ಟೆ ತೊಟ್ಟುಕೊಂಡೇ ಹೊರಬರುತ್ತವೆ. ಇದನ್ನು ಕೇಳಿ ನಗುವವರನ್ನು ನಾವು ಬಹಳ ಕಾಲದಿಂದ ಸಹಿಸಿಕೊಂಡಿದ್ದೇವೆ. ಆದರೆ ಕುದ್ರೋಳಿಯವರೊಬ್ಬರ ಟೀಕೆ ಹೆಚ್ಚು ಚುಚ್ಚಿತು. ಮೀನಿನ ಹೆಂಗಸು ಒಬ್ಬರೊಡನೆ ತುಳುವಿನಲ್ಲಿ, ಇನ್ನೊಬ್ಬರೊಡನೆ ಕೊಂಕಣಿಯಲ್ಲಿ, ಮೂರನೆಯವರೊಡನೆ ಬ್ಯಾರಿಯಲ್ಲಿ ಚೌಕಾಸಿ ಮಾಡಿ, ಚಿಲ್ಲರೆ ಕೊಡುವಾಗ ಕನ್ನಡಕ್ಕೆ ಬರುತ್ತಾಳೆ, ಅದು ಎಲ್ಲಿ ಹೋಯಿತು ಎಂದು ಅವರು ಕೇಳಿದ್ದರು. ಈ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಆಡುವವರಿಗೆ ತಿಳಿಯದ ಭಾಷೆಯಲ್ಲಿ ಎಷ್ಟು ಸಾಲು ಬರೆಯಬಹುದು? ದೋಣಿಯಲ್ಲಿ ಕುಳಿತ ಹೊರಊರಿನವರಿಗೂ ಅರ್ಧ ಮಾತು ಅರ್ಥವಾಗುವುದಿಲ್ಲ ಎನ್ನುವುದು ನಿಜ. ಆದರೆ ಅವರು ಅದಕ್ಕೆ ಒಂದು ನಕ್ಷತ್ರ ಕೊಟ್ಟು ಹೋಗುವುದಿಲ್ಲ.

ಇನ್ನೊಬ್ಬರು ‘ಅಕ್ಷರಗಳು ನಡುಗುತ್ತವೆ, ಓದಿದರೆ ತಲೆನೋವು’ ಎಂದು ಬರೆದಿದ್ದರು. ಮಾತುಗಳು ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡುವುದು ಗೇಮುಗಳಲ್ಲಿ ರೂಢಿ. ಯಾರೋ ಈಗಲೇ ಮಾತನಾಡುತ್ತಿದ್ದಾರೆ ಎಂಬ ಭಾವನೆ ಬರುತ್ತದೆ. ಇಂಗ್ಲಿಷಿನಲ್ಲಿ ಇದು ಸಲೀಸು. ನಮ್ಮ ಮೀನಿನ ಹೆಂಗಸು ಸ್ತ್ರೀಶಕ್ತಿ ಸಂಘದ ಸಾಲದ ವಿಷಯ ತೆಗೆದಳು. ಕಂಪ್ಯೂಟರಿಗೆ ಲಿಪಿಗಳನ್ನು ಗುರುತಿಸಿಕೊಡುವ ಯೂನಿಕೋಡಿನ ಲೆಕ್ಕದಲ್ಲಿ ‘ಸ್ತ್ರೀ’ ಒಂದು ಅಕ್ಷರವಲ್ಲ, ಆರು ತುಣುಕು. ಮೊದಲು ‘ಸ’ ಬಂತು, ಅದರ ತಲೆ ತಿರುಗಿ ‘ಸ್’ ಆಯಿತು, ಕೆಳಗೆ ಒತ್ತು ಬಂತು, ಮತ್ತೆ ತಲೆ ತಿರುಗಿತು, ಇನ್ನೊಂದು ಒತ್ತು, ಕೊನೆಗೆ ದೀರ್ಘ. ಸಾಲ ತೀರಿಸುವ ಮೊದಲೇ ಸಂಘ ಕುಸಿದುಬೀಳುವಂತೆ ಕಾಣುತ್ತಿತ್ತು. ಗೇಮ್ ಕಟ್ಟುವ ತಂತ್ರಾಂಶಗಳಿಗೆ ನಮ್ಮ ಲಿಪಿ ಅಭ್ಯಾಸವಾಗಲು ಬಹಳ ಕಾಲ ಹಿಡಿದಿದೆ. ಮುಕ್ತ ತಂತ್ರಾಂಶವಾದ ಗೊಡಾಟ್‌ಗೆ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ವಿದ್ಯೆ ಕೈಗೂಡಿದ್ದು 2023ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ. ಈಗ ಪೂರ್ತಿ ಅಕ್ಷರವೇ ಒಮ್ಮೆಗೆ ಮೂಡುವಂತೆ ಬದಲಿಸಿದ್ದೇನೆ. ಅಭಿಪ್ರಾಯ ಬರೆದವರು ಕಥೆ ಹೇಳುವ ರೀತಿ ಸುಧಾರಿಸಿದೆ ಎಂದರು. ಕಥೆಯಲ್ಲಿ ನಾನು ಒಂದು ಪದವನ್ನೂ ಮುಟ್ಟಿರಲಿಲ್ಲ.

ಆಯ್ಕೆಗಳ ವಿಷಯದಲ್ಲಿ ಮಾತ್ರ ನಾನು ಸೋಲೊಪ್ಪುವುದಿಲ್ಲ. ‘ಮೂರು ಉತ್ತರ ಕೊಡುತ್ತೀರಿ, ಯಾವುದನ್ನು ಆರಿಸಿದರೂ ಮುಂದಿನ ಮಾತು ಒಂದೇ’ ಎಂಬುದು ದೂರು. ಒಂದೊಂದು ಕಡೆ ಎರಡೇ ದಾರಿ ಎಂದಿಟ್ಟುಕೊಂಡರೂ, ಹತ್ತು ಕಡೆ ಕವಲೊಡೆದರೆ 1024 ಅಂತ್ಯಗಳನ್ನು ಬರೆಯಬೇಕು. ದೊಡ್ಡ ಸಂಸ್ಥೆಗಳೂ ಕವಲುಗಳನ್ನು ಮೆಲ್ಲನೆ ಮಡಚಿ ಮತ್ತೆ ಹೆದ್ದಾರಿಗೆ ತಂದು ಸೇರಿಸುತ್ತವೆ. ಮಂಗಳೂರಿನ ಸಿಟಿ ಬಸ್ಸುಗಳು ಯಾವ ಸಂದಿಯಲ್ಲಿ ನುಗ್ಗಿದರೂ ಕೊನೆಗೆ ಸ್ಟೇಟ್ ಬ್ಯಾಂಕ್ ಎಂಬ ನಿಲ್ದಾಣಕ್ಕೇ ಬರುತ್ತವೆ. ಅದಕ್ಕೆಂದು ಕಂಕನಾಡಿಯಲ್ಲಿ ಯಾರೂ ಬಸ್ಸಿನಿಂದ ಜಗಳವಾಡಿ ಇಳಿಯುವುದಿಲ್ಲ. ದಾರಿಯಲ್ಲಿ ಕಂಡದ್ದು ಬೇರೆ ಇರುತ್ತದೆ, ಅಷ್ಟು ಸಾಕು.

ಅಂತ್ಯವನ್ನು ಕುರಿತು ಜನ ಎಷ್ಟು ಗಂಭೀರರು ಎಂಬುದಕ್ಕೆ ‘ಮಾಸ್ ಎಫೆಕ್ಟ್ 3’ ಸಾಕ್ಷಿ. 2012ರ ಮಾರ್ಚಿನಲ್ಲಿ ಬಂದ ಆ ಗೇಮಿನ ಅಂತ್ಯ ಹಿಡಿಸದ ಅಭಿಮಾನಿಗಳು ತಯಾರಕರಿಗೆ ಮೂರು ಬಣ್ಣದ ಕಪ್‌ಕೇಕುಗಳನ್ನು ಕಳುಹಿಸಿದರು. ಬಣ್ಣ ಯಾವುದಾದರೂ ಒಳಗಿನ ರುಚಿ ಒಂದೇ, ಆ ಗೇಮಿನ ಅಂತ್ಯಗಳಂತೆ! ಜೂನ್‌ನಲ್ಲಿ ತಯಾರಕರು ಅಂತ್ಯವನ್ನು ಹಿಗ್ಗಿಸಿ ಉಚಿತವಾಗಿ ಕೊಟ್ಟರು. ನನಗೆ ಇದುವರೆಗೆ ತಿಂಡಿ ಯಾರೂ ಕಳುಹಿಸಿಲ್ಲ. ಬಂದದ್ದು ಒಂದು ಕೊಂಕು ಪ್ರಶ್ನೆ: ‘ಗೇಮಿನಲ್ಲಿ ಜುಲೈ ತಿಂಗಳು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆಕೆಯ ಬುಟ್ಟಿಗೆ ತಾಜಾ ಬಂಗುಡೆ ಎಲ್ಲಿಂದ ಬಂತು?’ ನಾಡದೋಣಿಯವರು ತಂದದ್ದು, ಅವರಿಗೆ ನಿಷೇಧ ಅನ್ವಯಿಸುವುದಿಲ್ಲ ಎಂದು ಅದೇ ರಾತ್ರಿ ಉತ್ತರಿಸಿದೆ. ಇಷ್ಟು ಸಂತೋಷದಿಂದ ನಾನು ಬೇರಾವ ಟೀಕೆಗೂ ಉತ್ತರ ಬರೆದಿಲ್ಲ.

ಹೊಸ ಆವೃತ್ತಿಯಲ್ಲಿ ದೋಣಿ ನಿಲ್ಲುವುದಿಲ್ಲ. ಹುಟ್ಟು ಹಾಕುತ್ತಿದ್ದಂತೆ ಮಾತು ನಡೆಯುತ್ತದೆ. ಬಾಣ ಒತ್ತಿದರೆ ಅಂಬಿಗನೇ ‘ಹೂಂ’ ಎನ್ನುತ್ತಾನೆ, ಬೇಕಾದರೆ ‘ಆಮೇಲೆ?’ ಎಂದು ಕೇಳುತ್ತಾನೆ. ಸುಮ್ಮನಿದ್ದರೆ ಪ್ರಯಾಣಿಕರು ಮುನಿಸಿಕೊಂಡು ನೀರು ನೋಡುತ್ತಾರೆ. ದಡ ಮುಟ್ಟಿದ ತಕ್ಷಣ ವಾಕ್ಯದ ನಡುವೆಯಾದರೂ ಸರಿ, ಬುಟ್ಟಿ ಎತ್ತಿಕೊಂಡು ಇಳಿದುಬಿಡುತ್ತಾರೆ. ಉಳಿದದ್ದು ಮರುದಿನ, ಅವರು ಅದೇ ದೋಣಿ ಹತ್ತಿದರೆ. ಬಸ್ಸಿನಲ್ಲಿ ಹಿಂದಿನ ಸೀಟಿನವರ ಸಂಸಾರವನ್ನು ನಾವೆಲ್ಲ ಕೇಳಿಸಿಕೊಂಡದ್ದು ಹೀಗೇ, ಕಂಡಕ್ಟರ್ ಸೀಟಿ ಊದುವವರೆಗೆ.

ಇದಾದ ಮೇಲೆ ದೂರುಗಳ ಜಾತಿಯೇ ಬದಲಾಗಿದೆ. ಕೆಲವರು ಕಥೆ ಪೂರ್ತಿ ಕೇಳಲೆಂದು ಬೇಕೆಂದೇ ನಿಧಾನವಾಗಿ ಹುಟ್ಟು ಹಾಕುತ್ತಿದ್ದಾರೆ. ಒಬ್ಬರಂತೂ ದೋಣಿಯನ್ನು ಅಳಿವೆಯ ಕಡೆಗೆ ತಿರುಗಿಸಿದ್ದರಂತೆ. ಅಲ್ಲಿ ನಾನು ನೀರನ್ನೇ ಬಿಡಿಸಿಲ್ಲ. ನೆರೆಮನೆಯ ತಾಯಿ ಈಗ ದಿನವೂ ಕಾಂಪೌಂಡಿನ ಆಚೆಯಿಂದ ವಿಚಾರಿಸುತ್ತಾರೆ: ಮಸ್ಕತ್ತಿಗೆ ಹೋದ ಆ ಅಳಿಯ ಹಿಂದಿರುಗುತ್ತಾನೆಯೇ? ನೋಡಬೇಕು ಎನ್ನುತ್ತೇನೆ. ಬರೆದವಳು ನಾನಾಗಿರುವಾಗ ನೋಡುವುದೇನು ಬಂತು ಎಂದು ಅವರಿಗೆ ಅನುಮಾನ. ಅವನು ಹಿಂದಿರುಗಬೇಕು ಎನ್ನುವವರ ಸಂಖ್ಯೆ ಹೆಚ್ಚುತ್ತಿದೆ. ನೆರೆಮನೆಯ ಹುಡುಗ ಮಾತ್ರ ಹಿಂದಿರುಗದಿದ್ದರೆ ಕಥೆ ಚೆನ್ನ ಎನ್ನುತ್ತಾನೆ. ಬಾಣ ಒತ್ತಿ ಹಿಡಿದವನಿಗೆ ಅಳಿಯನ ವಿಷಯ ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ. ಅಳಿಯ ಏಕೆ ಹೋದ ಎಂಬುದನ್ನೇ ನಾನಿನ್ನೂ ಗೊತ್ತುಮಾಡಿಕೊಂಡಿಲ್ಲ. ಶನಿವಾರ ಕಚೇರಿಗೆ ರಜೆ ಇದೆ, ಅಷ್ಟರೊಳಗೆ ಒಂದು ಕಾರಣ ಹುಡುಕಬೇಕು. ಮದುವೆಯ ಸಾಲ ಎಂದರೆ ಹಳೆಯದಾಯಿತು; ಅತ್ತೆಯ ಮಾತು ಉದ್ದವಾಯಿತು ಎಂದು ಬರೆದರೆ ನನ್ನನ್ನೇ ಬೈದುಕೊಂಡಂತೆ.