ಮುಖವಾಡದ ಹುಡುಗನೂ ಕುಸನೂರಿನ ಜನರೂ

ಬ್ಯಾಟ್‌ಮನ್ ಓದುವವರಲ್ಲೂ ಎಷ್ಟೋ ಜನಕ್ಕೆ ಅನಾರ್ಕಿ ಯಾರು ಅಂತ ಗೊತ್ತಿಲ್ಲ. ಬ್ಯಾಟ್‌ಮನ್ ಕಥೆಗಳು ಬರುವ ‘ಡಿಟೆಕ್ಟಿವ್ ಕಾಮಿಕ್ಸ್’ ಪತ್ರಿಕೆಯ 608ನೇ ಸಂಚಿಕೆಗೆ, 1989ರಲ್ಲಿ, ಬ್ಯಾಟ್‌ಮನ್‌ಗೆ ಎದುರಾಳಿಯಾಗಿ ಬಂದವನು. ನಿಜವಾದ ಹೆಸರು ಲಾನಿ ಮೇಚಿನ್, ವಯಸ್ಸು ಬರೀ 12. ಕೆಂಪು ನಿಲುವಂಗಿ, ಚಿನ್ನದ ಬಣ್ಣದ ಮುಖವಾಡ, ಕೈಯಲ್ಲಿ ಶಾಕ್ ಹೊಡೆಸುವ ಕೋಲು. ಎತ್ತರ ಕಾಣಲಿ ಅಂತ ತಲೆಯ ಮೇಲೊಂದು ಸುಳ್ಳು ತಲೆ ಬೇರೆ! ಕಥೆ ಅಲನ್ ಗ್ರಾಂಟ್ ಅವರದು, ಚಿತ್ರ ನಾರ್ಮ್ ಬ್ರೇಫೋಗಲ್ ಅವರದು. ಗ್ರಾಂಟ್ ಬೆಳೆದದ್ದು ನಾನೀಗ ಇರುವ ಎಡಿನ್‌ಬರೋ ಪಕ್ಕದ ನ್ಯೂಟನ್‌ಗ್ರೇಂಜ್‌ನಲ್ಲಿ. ಕಲ್ಲಿದ್ದಲು ಗಣಿಯ ಊರು. ಸರ್ಕಾರವನ್ನೂ ಧಣಿಯನ್ನೂ ನಂಬದ ಹುಡುಗನನ್ನು ಆ ಊರಿನವರು ಸೃಷ್ಟಿಸಿದ್ದು ಆಶ್ಚರ್ಯವೇನಲ್ಲ.

ನನಗೆ ಹಿಡಿಸಿದ್ದು ಯಾರನ್ನು ಶಿಕ್ಷಿಸಬೇಕು ಅಂತ ಅವನು ಆರಿಸುವ ರೀತಿ. ಪತ್ರಿಕೆಗೆ ಜನ ಬರೆದ ದೂರುಗಳನ್ನು ಓದುತ್ತಾನೆ, ಥೇಟ್ ನಮ್ಮ ವಾಚಕರ ವಾಣಿ. ನದಿ ಕೆಡಿಸುವ ಕಾರ್ಖಾನೆಯ ಮಾಲೀಕ ಅವನಿಗೆ ಸಿಗುವುದು ಹೀಗೆ. ರಸ್ತೆ ಗುಂಡಿ, ಬಾರದ ನೀರು, ಬೆಳ್ಳಂದೂರು ಕೆರೆಯ ನೊರೆ ಅಂತ ನಾವೂ ಬರೆಯುತ್ತಲೇ ಇದ್ದೇವೆ, ಅಲ್ವಾ? ಅದನ್ನೆಲ್ಲ ಒಬ್ಬ ಹುಡುಗ ಕೂತು ಓದುತ್ತಿದ್ದಾನೆ ಅಂದರೆ ಖುಷಿಯಾಗುತ್ತೆ. ಆದರೆ ದೂರು ಊರವರದ್ದು, ತೀರ್ಪು ಅವನೊಬ್ಬನದು. ದೂರು ಕೊಟ್ಟವರನ್ನು ಅವನು ಒಂದು ಮಾತೂ ಕೇಳುವುದಿಲ್ಲ. ಅಲ್ಲಿ ನನಗೆ ಭಯ.

ಅನಾರ್ಕಿ ಬರುವುದಕ್ಕೆ ಎರಡು ವರ್ಷ ಮುಂಚೆ, 1987ರ ನವೆಂಬರ್ 14ರಂದು, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಬೇರೆ ಥರ ನಡೆದಿತ್ತು. ಊರವರು ಬಳಸುತ್ತಿದ್ದ ಭೂಮಿಯನ್ನು ಸರ್ಕಾರ, ಕಾರ್ಖಾನೆಗೆ ಮರ ಬೆಳೆಸುವ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಿತ್ತು. ದನ ಮೇಯಬೇಕಾದ ಕಡೆ ನೀಲಗಿರಿ. ಹೋರಾಟಗಾರ ಎಸ್.ಆರ್. ಹಿರೇಮಠರ ಸಂಘಟನೆ ಸಮಾಜ ಪರಿವರ್ತನ ಸಮುದಾಯದ ಜೊತೆ ಜನ ಹೋಗಿ ನೀಲಗಿರಿ ಸಸಿ ಕಿತ್ತರು. ಆ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಹಗಲು ಹೊತ್ತು, ಮುಖವಾಡವಿಲ್ಲ, ಕಿತ್ತ ಕೈಯಲ್ಲೇ ನೆಟ್ಟದ್ದು. ಇದೇ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು, ಆಗಲೇ 80 ದಾಟಿದ್ದರು. ಲಾನಿಗಿಂತ ಜಾಸ್ತಿ ಹಟಮಾರಿ!

ಆದರೂ ಗ್ರಾಂಟ್ ಒಂದು ವಿಷಯದಲ್ಲಿ ನಮಗಿಂತ ಮುಂದೆ. ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದವರೇ. ಅಲ್ಲಿ ಪ್ರಹ್ಲಾದ ಅಪ್ಪನಿಗೆ ಎದುರಾಡುತ್ತಾನೆ, ಭಗತ್ ಸಿಂಗ್ ಬ್ರಿಟಿಷರಿಗೆ ಎದುರು ನಿಲ್ಲುತ್ತಾನೆ. ಸತ್ತುಹೋದ ರಾಕ್ಷಸ, ಊರು ಬಿಟ್ಟ ದೊರೆ. ಯಾರಿಗೂ ತೊಂದರೆಯಿಲ್ಲ. ಇವತ್ತಿನ ಬ್ಯಾಂಕು, ಇವತ್ತಿನ ಕಾರ್ಖಾನೆಯತ್ತ ಬೆರಳು ತೋರಿಸುವ ಮಕ್ಕಳ ಪುಸ್ತಕ ನಾನು ಕನ್ನಡದಲ್ಲಿ ನೋಡಿಲ್ಲ. ಕುಸನೂರನ್ನು ಚಿತ್ರದಲ್ಲಿ ತರಲು ಎರಡು ಸಂಚಿಕೆ ಸಾಕು. ಬರೆಯುವವರು ಇದ್ದರೆ ಹೇಳಿ, ಮುದ್ರಣಕ್ಕೆ ನಾನೂ ಒಂದಿಷ್ಟು ದುಡ್ಡು ಹಾಕುತ್ತೇನೆ.