ಮುಚ್ಚಳದ ತೂತು

ಬೆಳ್ಳಿ ಹೂಜಿ ಮಾಡಿಸಿ, ಅದರ ಮುಚ್ಚಳಕ್ಕೊಂದು ತೂತು ಕೊರೆದುಕೊಡಿ ಅಂದರೆ ನಮ್ಮ ಅಕ್ಕಸಾಲಿಗರು ಕನ್ನಡಕದ ಮೇಲಿಂದ ಒಮ್ಮೆ ನೋಡಿಯಾರು. ಮುನ್ನೂರು ವರ್ಷದ ಹಿಂದೆ ಪ್ಯಾರಿಸ್, ಲಂಡನ್‌ಗಳ ದೊಡ್ಡ ಮನೆತನದವರು ದುಡ್ಡು ಕೊಟ್ಟು ಹೀಗೇ ಮಾಡಿಸಿಕೊಳ್ಳುತ್ತಿದ್ದರು. ಅದು ಚಾಕೊಲೇಟ್ ಕುಡಿಯುವ ಹೂಜಿ.

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಅಂಥದ್ದೊಂದು ಇದೆ. ನಾನು ನೋಡಿದ್ದು ಫೋಟೊದಲ್ಲಿ, ಅಷ್ಟೇ. ಫ್ರಾನ್ಸಿನ ರಾಣಿ ಮರಿ ಲೆಷಿನ್ಸ್ಕಾಗೆ ಮೂರು ಹೆಣ್ಣಾದ ಮೇಲೆ 1729ರಲ್ಲಿ ಗಂಡುಮಗು ಹುಟ್ಟಿತು. ನಮ್ಮಲ್ಲಾದರೆ ಬಾಣಂತಿಗೆ ಅಂಟಿನುಂಡೆ. ಅವಳಿಗೆ ಬಂದದ್ದು ಚಿನ್ನದ ನೀರು ಕುಡಿಸಿದ ಬೆಳ್ಳಿಯ ಟೀ, ಚಾಕೊಲೇಟ್ ಸಾಮಾನಿನ ಪೆಟ್ಟಿಗೆ. ಮಾಡಿದವನ ಹೆಸರು ಆನ್ರಿ ನಿಕೊಲಾ ಕೂಸಿನೆ. ಕೂಸಿನ ಉಡುಗೊರೆಗೆ ಕೂಸಿನೆ! ನಾನು ಕಟ್ಟಿದ್ದಲ್ಲ, ನಿಜವಾಗಿ ಅದೇ ಹೆಸರು.

ಇನ್ನು ತೂತಿನ ವಿಷಯ. ಆಗಿನ ಚಾಕೊಲೇಟ್ ಅಂದರೆ ಹುರಿದ ಕೋಕೋ ಬೀಜವನ್ನು ಕಲ್ಲಿನ ಮೇಲೆ ಅರೆದು ಮಾಡಿದ ಉಂಡೆ. ಅದನ್ನು ಬಿಸಿ ನೀರಿಗೋ ಹಾಲಿಗೋ ಕದಡಿ, ಸಕ್ಕರೆ ಹಾಕಿ ಕುಡಿಯಬೇಕು. ಕೋಕೋ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಜಿಡ್ಡು. ಸುಮ್ನೆ ಬಿಟ್ಟರೆ ಜಿಡ್ಡು ಮೇಲೆ ತೇಲುತ್ತದೆ, ಚರಟ ತಳ ಸೇರುತ್ತದೆ. ಅದಕ್ಕೇ ಬಗ್ಗಿಸುವ ಮುಂಚೆ ಕಡೆಯಬೇಕು. ಮುಚ್ಚಳದ ತುದಿಯ ಮೊಗ್ಗನ್ನು ಪಕ್ಕಕ್ಕೆ ಸರಿಸಿದರೆ ತೂತು. ಅದರೊಳಗೆ ಮರದ ಕೋಲು ಇಳಿಸಿ, ಎರಡು ಅಂಗೈ ನಡುವೆ ಹೊಸೆಯುವುದು. ಬಿಸಿ ಆರುವುದಿಲ್ಲ, ಮೇಲೆ ಎರಚುವುದಿಲ್ಲ, ನೊರೆ ಮಾತ್ರ ಏಳುತ್ತದೆ. ಮೊಸರು ಕಡೆದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಅದು ಕಡಗೋಲೇ.

ಬೆಳ್ಳಿ ಬಲುಬೇಗ ಕಾಯುತ್ತದೆ. ಹಾಗಾಗಿ ಹಿಡಿ ಮರದ್ದು. ಫ್ರಾನ್ಸಿನ ಹೂಜಿಗಳಲ್ಲಿ ಅದು ಮೂತಿಯ ಎದುರಿಗಿರದೆ ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಒಗ್ಗರಣೆ ಸೌಟಿನ ಹಾಗೆ. ಇಷ್ಟು ಹಳೆಯವು ಅಲ್ಲಿ ಉಳಿದದ್ದೇ ಜಾಸ್ತಿ. ಹದಿನಾಲ್ಕನೇ ಲೂಯಿ 1689ರಲ್ಲೊಮ್ಮೆ, 1709ರಲ್ಲಿ ಇನ್ನೊಮ್ಮೆ ಯುದ್ಧದ ಖರ್ಚಿಗೆಂದು ಬೆಳ್ಳಿ ಸಾಮಾನು ಕರಗಿಸಿದ್ದ. ಕಷ್ಟ ಬಂದಾಗ ಮೊದಲು ಹೊರಡುವುದು ಬೆಳ್ಳಿ ತಟ್ಟೆಯೇ, ಅರಮನೆಯಾದರೂ.

ಹೂಜಿಯ ತೂತು ಮುಚ್ಚಿಸಿದ್ದು ಮಾತ್ರ ಯುದ್ಧ ಅಲ್ಲ, ಒಂದು ಗಾಣ. 1828ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಾನ್ ಹೌಟೆನ್ ಕೋಕೋದ ಜಿಡ್ಡು ಹಿಂಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಜಿಡ್ಡು ಹೋಗಿ ಪುಡಿ ಬಂತು, ಕಲಕಲು ಚಮಚ ಸಾಕಾಯಿತು. ತೂತಿಲ್ಲದ ಹೂಜಿಯನ್ನು ಕಾಫಿಯದೋ ಚಾಕೊಲೇಟಿನದೋ ಅಂತ ಹೇಳುವುದೇ ಕಷ್ಟ.

ಹೋದ ಭಾನುವಾರ ಹಾಲಿಗೆ ಕೋಕೋ ಪುಡಿ ಹಾಕಿ ಅಜ್ಜಿಯ ಕಡಗೋಲು ಹಿಡಿದು ಹೊಸೆದೆ. ನೊರೆ ಚೆನ್ನಾಗಿಯೇ ಬಂತು. ಅರ್ಧ ಸ್ಟೌ ಮೇಲೆ, ಉಳಿದರ್ಧ ನನ್ನ ಅಂಗಿ ಮೇಲೆ. ಮುಚ್ಚೋಣ ಅಂತ ತಟ್ಟೆ ಹುಡುಕಿದೆ. ಒಂದರಲ್ಲೂ ತೂತಿರಲಿಲ್ಲ.