ಬೆಟ್ಟ ಹತ್ತೋದಕ್ಕೆ ಪಾರ್ಕಿಂಗ್ ಎಲ್ಲಿದೆ?

ನಮ್ಮ ಮಂಡ್ಯ-ಮೈಸೂರು ಸೀಮೆಯಲ್ಲಿ ಒಂದು ಬೆಟ್ಟ ಅಭಿವೃದ್ಧಿ ಆಗಬೇಕು ಅಂದರೆ ಮೊದಲು ಕಮಾನು ಬರಬೇಕು. ಕಮಾನಿನ ಹಿಂದೆ ಪಾರ್ಕಿಂಗ್ ಬರುತ್ತದೆ. ಪಾರ್ಕಿಂಗ್ ಪಕ್ಕ ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಅಂಗಳ, ಅದರಲ್ಲಿ ಆಳೆತ್ತರದ ಅಕ್ಷರದಲ್ಲಿ 'ಐ ಲವ್' ಅಂತ ಊರಿನ ಹೆಸರು, ಒಂದು ಹೈಮಾಸ್ಟ್ ದೀಪ, ಒಂದು ಶೌಚಾಲಯ, ಅದಕ್ಕೊಂದು ಬೀಗ. ಬೀಗದಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿ ತಿಳಿಯುವಷ್ಟರಲ್ಲಿ ನಿಮ್ಮ ಅವಸರ ಬೇರೆ ಕಡೆ ಮುಗಿದಿರುತ್ತದೆ. ಇಷ್ಟಾದ ಮೇಲೆ ಅದರ ಹೆಸರು ಚಾರಣ ಪಥ.

ನಡೆಯುವ ದಾರಿ ಎಲ್ಲಿ ಅಂತ ಕೇಳಬೇಡಿ. ಅದು ಮುಂಚೆಯಿಂದಲೇ ಇದೆ. ಆಡು, ಕುರಿ ಮತ್ತು ಅವುಗಳ ಹಿಂದೆ ಹೋದವರು ತಲೆಮಾರುಗಟ್ಟಲೆ ತುಳಿದು ತುಳಿದು ಪುಕ್ಕಟೆ ಮಾಡಿಕೊಟ್ಟಿದ್ದಾರೆ. ಪುಕ್ಕಟೆ ಕೆಲಸಕ್ಕೆ ಬಿಲ್ ಆಗಲ್ಲ. ಬಿಲ್ ಆಗದ ಕೆಲಸಕ್ಕೆ ಟೇಪು ಕತ್ತರಿಸೋಕೂ ಯಾರೂ ಬರಲ್ಲ.

ಪಾಂಡವಪುರದ ಕುಂತಿ ಬೆಟ್ಟ ನೋಡಿ. ವನವಾಸದಲ್ಲಿ ಪಾಂಡವರು ಕುಂತಿಯ ಜೊತೆ ಇಲ್ಲಿದ್ದರು ಅಂತ ಸ್ಥಳಪುರಾಣ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರು. ಹಾಗಾಗಿ ಇಂಗ್ಲಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಅಂತಲೇ ಕರೆದರು. ಈಗ ಬೀಡುಬಿಡುವವರು ಬೆಂಗಳೂರಿನವರು. ಶನಿವಾರ ರಾತ್ರಿ ಟೆಂಪೋ ಟ್ರಾವೆಲರ್ ಹತ್ತಿ, ನಿದ್ದೆಗಣ್ಣಲ್ಲಿ ಬಂದಿಳಿದು, ತಲೆಗೆ ಟಾರ್ಚ್ ಕಟ್ಟಿಕೊಂಡು ಕತ್ತಲಲ್ಲಿ ಮೇಲೆ ಹೋಗುತ್ತಾರೆ. ಸುತ್ತಲಿನ ಕೆರೆ, ತೆಂಗಿನ ತೋಟ, ಕಬ್ಬಿನ ಗದ್ದೆ ಯಾವುದೂ ಕಣ್ಣಿಗೆ ಬೀಳದ ಹಾಗೆ ಬೆಟ್ಟ ಹತ್ತುವುದಕ್ಕೆ ದುಡ್ಡು ಬೇರೆ ಕೊಟ್ಟಿರುತ್ತಾರೆ. ಮೇಲೆ ಹೋಗಿ ಸೂರ್ಯ ಹುಟ್ಟುವುದನ್ನು ಮೊಬೈಲ್ ಪರದೆಯಲ್ಲಿ ನೋಡುತ್ತಾರೆ. ಬಕಾಸುರನಿಗೆ ಬಂಡಿ ತುಂಬ ಅನ್ನ ಕಳಿಸುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಆ ಪದ್ಧತಿ ಪೂರ್ತಿ ನಿಂತಿಲ್ಲ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ತಟ್ಟೆ, ಲೋಟ ವಾರಕ್ಕೊಮ್ಮೆ ತಪ್ಪದೆ ಬೆಟ್ಟಕ್ಕೆ ಸಲ್ಲುತ್ತಿವೆ. ತಿನ್ನೋಕೆ ರಾಕ್ಷಸನೇ ಇಲ್ಲ ಅನ್ನೋದಷ್ಟೇ ಕೊರತೆ.

ಇದೇ ಸೀಮೆಯ ಇನ್ನೊಂದು ಬೆಟ್ಟದ ಬುಡದಲ್ಲಿ, ಹೆಸರು ಬೇಡ, ಆಡು ಕಾಯುತ್ತಿದ್ದ ಹಿರಿಯರೊಬ್ಬರನ್ನು ದಾರಿ ಕೇಳಿದೆ.

"ಇಂಗೇ ಓಯ್ತಾ ಇರಿ ಸಾ. ದೊಡ್ ಬಂಡೆ ಸಿಕ್ತದೆ. ಅಲ್ಲಿ ಎಡಕ್ಕೆ ತಿರುಕ್ಕಳಿ."

"ಬೋರ್ಡಲ್ಲಿ ಬಲಕ್ಕೆ ಬಾಣ ಹಾಕವ್ರಲ್ಲ ಯಜಮಾನ್ರೇ?"

"ಬೋರ್ಡ್ ನೆಟ್ಟೋರು ಮ್ಯಾಕೆ ಹತ್ನಿಲ್ಲ ಸಾ. ಕಾರಲ್ಲೇ ಕುಂತಿದ್ರು."

ಬೋರ್ಡಿನಲ್ಲಿ ಬಾಣ ಹುಡುಕುವುದಕ್ಕೇ ಸ್ವಲ್ಪ ಹೊತ್ತು ಹಿಡಿದಿತ್ತು ಅನ್ನಿ. ಮೇಲ್ಗಡೆ ಮುಖಗಳು, ಅವುಗಳ ಕೆಳಗೆ ಹೆಸರುಗಳು, ಹೆಸರಿನ ಕೆಳಗೆ ಹುದ್ದೆಗಳು. ಉಳಿದ ಮೂಲೆಯಲ್ಲಿ ಬಾಣ. ಆ ಮುಖಗಳಲ್ಲಿ ಒಂದಾದರೂ ಬಲಕ್ಕೆ ನೋಡುತ್ತಿದ್ದರೆ ನಂಬಬಹುದಿತ್ತು. ಎಲ್ಲರೂ ನೇರ ಕ್ಯಾಮೆರಾ ಕಡೆಗೇ ನೋಡುತ್ತಿದ್ದರು. ಬಲಕ್ಕೆ ಹೋದವರು ಎಲ್ಲಿಗೆ ಹೋಗುತ್ತಾರೆ ಅಂತ ಯಜಮಾನರನ್ನೇ ಕೇಳಿದೆ. "ಕಬ್ಬಿನ್ ಗದ್ದೆಗೆ. ಅಲ್ಲಿ ಚಿರ್ತೆ ಅದೆ," ಅಂದರು. ಮಂಡ್ಯ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವುದು ಹೊಸದೇನಲ್ಲ. ಜಿಲ್ಲೆಯಲ್ಲಿ ದಿನಾ ತಪ್ಪದೆ ಚಾರಣ ಮಾಡುವುದು ಅದೊಂದೇ ಇರಬೇಕು. ಪಾಪ, ಪಾರ್ಕಿಂಗ್ ಕೂಡ ಕೇಳಿಲ್ಲ.

ಚಾಮುಂಡಿ ಬೆಟ್ಟಕ್ಕೆ ಬನ್ನಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಇಲ್ಲಿ ಸಾವಿರ ಮೆಟ್ಟಿಲು ಕಟ್ಟಿಸಿದರು. ದಾರಿಯಲ್ಲಿ ಸುಸ್ತಾದವರಿಗೆ ನಿಲ್ಲುವ ನೆಪ ಇರಲಿ ಅಂತಲೋ ಏನೋ, ಒಂದೇ ಬಂಡೆಯಲ್ಲಿ ನಂದಿಯನ್ನೂ ಕಡೆಸಿದರು. ಇಂದಿಗೂ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಇಷ್ಟು ಗಟ್ಟಿಯಾದ ನಡಿಗೆಯ ದಾರಿ ಇರುವ ಊರಿಗೆ ಕಾಡುತ್ತಿರುವ ಚಿಂತೆ ಯಾವುದು ಗೊತ್ತಾ? ರೋಪ್‌ವೇ. ವರ್ಷಾನುಗಟ್ಟಲೆಯಿಂದ ಈ ಯೋಜನೆ ಆಗಾಗ ಎದ್ದು ಕೂರುತ್ತದೆ, ಮೈಸೂರಿನ ಜನ ಬೇಡ ಅಂದಾಗ ಮಲಗುತ್ತದೆ, ಮತ್ತೆ ಏಳುತ್ತದೆ. ವಯಸ್ಸಾದವರಿಗೆ ಅನುಕೂಲ ಅಂತ ಕಾರಣ ಕೊಡುತ್ತಾರೆ. ಬೆಳಗಿನ ಜಾವ ಹೋಗಿ ನೋಡಿ. ಮೆಟ್ಟಿಲ ಮೇಲೆ ನಿವೃತ್ತ ಮೇಷ್ಟ್ರುಗಳು ಮಂಕಿ ಕ್ಯಾಪ್ ಹಾಕಿಕೊಂಡು ಸರಸರ ಹತ್ತುತ್ತಿರುತ್ತಾರೆ. ಇಪ್ಪತ್ತು ವರ್ಷದ ಹುಡುಗರು ಬೈಕಲ್ಲಿ ಮೇಲೆ ಹೋಗಿ ಚುರುಮುರಿ ತಿನ್ನುತ್ತಿರುತ್ತಾರೆ. ಅನುಕೂಲ ಯಾರಿಗೆ ಬೇಕು ಅಂತ ಅಲ್ಲೇ ಗೊತ್ತಾಗುತ್ತೆ.

ಬೆಟ್ಟದ ತುದಿಗೆ ಬಹುಮಹಡಿ ಪಾರ್ಕಿಂಗ್ ಕಟ್ಟಿದ್ದಾಗಿದೆ. ಬೆಟ್ಟದ ಮೇಲೆ ಬೆಟ್ಟ! 2021ರ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ಡಾಂಬರು ರಸ್ತೆ ಕುಸಿದುಬಿತ್ತು. ಒಡೆಯರ ಕಾಲದ ಮೆಟ್ಟಿಲು ಇದ್ದಲ್ಲೇ ಇದ್ದವು. ಇದರಿಂದ ನಾವು ಕಲಿತ ಪಾಠ ಏನಪ್ಪಾ ಅಂದರೆ, ರಸ್ತೆಯನ್ನು ಇನ್ನಷ್ಟು ಭದ್ರ ಮಾಡಬೇಕು.

ಮೇಲುಕೋಟೆಯದು ಇನ್ನೊಂದು ಥರ. ರಾಮಾನುಜಾಚಾರ್ಯರು ಶ್ರೀರಂಗದ ಕಡೆಯಿಂದ ತೊಣ್ಣೂರಿಗೂ ಇಲ್ಲಿಗೂ ಬಂದಾಗ ಯಾವ ಕಮಾನೂ ಇರಲಿಲ್ಲ. ಆದರೂ ಬಂದರು, ವರ್ಷಗಟ್ಟಲೆ ಇದ್ದರು. ಈಗ ಬರುವವರು ಯೋಗಾನರಸಿಂಹನ ಬೆಟ್ಟಕ್ಕೆ ಕೈ ಮುಗಿದು, ಪುಳಿಯೋಗರೆ ತಿಂದು, ಅಕ್ಕ-ತಂಗಿ ಕೊಳ ಇಣುಕಿ, ರಾಯಗೋಪುರದ ಮುಂದೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಂಡು ಸಂಜೆಯೊಳಗೆ ವಾಪಸ್. ರಾಯಗೋಪುರ ಅರ್ಧಕ್ಕೇ ನಿಂತ ಕಟ್ಟಡ. ನಾಲ್ಕು ಎತ್ತರದ ಕಂಬ, ಮೇಲೆ ಗೋಪುರವೇ ಇಲ್ಲ. ನಮ್ಮ ಗುತ್ತಿಗೆದಾರರು ಅದನ್ನು ಕುಲದೈವ ಅಂತ ಪೂಜಿಸಬೇಕು. ಕೆಲಸ ಅರ್ಧಕ್ಕೆ ಬಿಟ್ಟರೂ ಇಷ್ಟು ಶತಮಾನ ಜನ ಬಂದು ಹೊಗಳುವ ಹಾಗೆ ಬಿಟ್ಟಿದ್ದಾರಲ್ಲ, ಆ ಕೈಚಳಕ ಈಗಿನವರಿಗೆ ಬಂದಿಲ್ಲ.

ಮೇಲುಕೋಟೆ ಸುತ್ತಲಿನ ಕುರುಚಲು ಕಾಡನ್ನು 1974ರಲ್ಲೇ ವನ್ಯಧಾಮ ಮಾಡಿದರು, ಮುಖ್ಯವಾಗಿ ತೋಳಗಳಿಗೋಸ್ಕರ. ಒಳ್ಳೆಯದೇ ಆಯಿತು. ಅಲ್ಲಿ ಇಂಟರ್‌ಲಾಕ್ ಹಾಕುವ ಐಡಿಯಾ ಯಾರಿಗೂ ಬರದಿರಲಿ. ತೋಳಗಳು ಸೆಲ್ಫಿ ಪಾಯಿಂಟ್ ಕೇಳಿ ಮನವಿ ಕೊಟ್ಟಿರುವುದನ್ನು ನಾನಂತೂ ಕೇಳಿಲ್ಲ. ಬಸರಾಳು, ಕಂಬದಹಳ್ಳಿ, ಹೊಸಹೊಳಲು ಕಡೆಗೆ ಹೋದರೆ ಇನ್ನೂ ನೆಮ್ಮದಿ. ಹೊಯ್ಸಳರ ಕೆತ್ತನೆ, ಗಂಗರ ಕಾಲದ ಬಸದಿ ಎಲ್ಲಾ ಊರ ಹುಲ್ಲಿನ ಮೆದೆ, ಟ್ರ್ಯಾಕ್ಟರಿನ ಪಕ್ಕ ತಣ್ಣಗೆ ಕೂತಿವೆ. ಅವನ್ನು ಯಾರೂ ಅಭಿವೃದ್ಧಿ ಮಾಡಿಲ್ಲ, ಆ ಮಟ್ಟಿಗೆ ಅವುಗಳ ಪುಣ್ಯ.

ಶ್ರೀರಂಗಪಟ್ಟಣದಲ್ಲಿ ಕೋಟೆಗೋಡೆಯ ಪಕ್ಕದಲ್ಲೇ ಅರ್ಧ ದಿನ ನಡೆಯಬಹುದು. ಬೇಲಿಯ ಗಿಡ ಸವರಿಕೊಂಡು, ಯಾರದೋ ಹಿತ್ತಲು ದಾಟಿಕೊಂಡು ಹೋಗೋಕೆ ನೀವು ತಯಾರಿರಬೇಕು ಅಷ್ಟೆ. ಆ ಊರಲ್ಲಿ ಸರ್ಕಾರದ ಪೂರ್ತಿ ಸಹಕಾರದಿಂದ ಚಾರಣ ಮುಗಿಸಿದ್ದು ಒಬ್ಬರೇ. ಒಬ್ಬರು ಅಂದರೆ ಮನುಷ್ಯರಲ್ಲ, ಟಿಪ್ಪು ಕಾಲದ ಮದ್ದಿನ ಮನೆ. ಮೈಸೂರಿಗೆ ಜೋಡಿ ರೈಲು ಹಳಿ ಹಾಕುವಾಗ ಅದು ಅಡ್ಡ ಬಂತು. 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಜಾಸ್ತಿ ದೂರ ಇಂಚಿಂಚಾಗಿ ಸರಿಸಿದರು. ತಮಾಷೆ ಅಲ್ಲ, ಎಂಜಿನಿಯರುಗಳ ಆ ಕೆಲಸಕ್ಕೆ ನಿಜವಾಗಿ ಕೈ ಮುಗಿಯಬೇಕು. ಆದರೆ ಕಲ್ಲಿನ ಕಟ್ಟಡವೇ ನಡೆದ ಊರಲ್ಲಿ ನೋಡೋಕೆ ಬಂದವರು ನಡೆಯಲ್ಲ. ದರಿಯಾ ದೌಲತ್‌ಗೂ ಗುಂಬಜ್‌ಗೂ ಬಾಗಿಲ ತನಕ ಕಾರೇ ಹೋಗಬೇಕು.

ಅಷ್ಟಕ್ಕೂ ಜಿಲ್ಲೆಯ ಅತಿ ಕಷ್ಟದ ಚಾರಣ ಯಾವ ಬೆಟ್ಟದಲ್ಲೂ ಇಲ್ಲ. ಅದು ಎಕ್ಸ್‌ಪ್ರೆಸ್‌ವೇ ದಾಟುವುದು. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಬಂದ್. ಮನೆ ಈ ಕಡೆ, ಗದ್ದೆ ಆ ಕಡೆ ಇರುವ ರೈತ ಹುಲ್ಲಿನ ಹೊರೆ ಹೊತ್ತುಕೊಂಡು ಅಂಡರ್‌ಪಾಸ್ ಹುಡುಕುತ್ತಾ ಹೋಗುತ್ತಾನೆ. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ನೀರು ನಿಂತರೆ ಅದೇ ಜಲಸಾಹಸ. ಬೆಂಗಳೂರಿನಿಂದ ಇಷ್ಟನ್ನೇ ಮಾಡೋಕೆ ಬಂದಿದ್ದರೆ ಹೆಲ್ಮೆಟ್, ಹಗ್ಗ, ಗೈಡು, ಕೊನೆಗೆ ಚೌಚೌ ಬಾತು ಎಲ್ಲಾ ಕೊಡುತ್ತಿದ್ದರು.

ಇನ್ನು ಬೆಟ್ಟ ಹತ್ತುವ ತಾಪತ್ರಯವನ್ನೇ ಬುಡದಿಂದ ತೆಗೆದುಹಾಕುವ ದಾರಿ ಕಂಡುಹಿಡಿದಿದ್ದು ಅದೇ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ. ಅಲ್ಲಿ ವರ್ಷಗಟ್ಟಲೆ ಸಿಡಿಮದ್ದು ಇಟ್ಟು ಕಲ್ಲು ತೆಗೆದರು. ಕೆಆರ್‌ಎಸ್ ಕಟ್ಟೆಗೆ ಅಪಾಯ ಅಂತ ಗಲಾಟೆ ಆಯಿತು, ಅಪಾಯ ಇದೆಯೋ ಇಲ್ಲವೋ ನೋಡೋಕೆ ಇನ್ನೊಂದಿಷ್ಟು ಸಿಡಿಸಿ ಪರೀಕ್ಷೆ ಮಾಡೋಣ ಅಂತ ಹೊರಟರು. ಕಡೆಗೆ 2024ರ ಜನವರಿಯಲ್ಲಿ ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದು ಅಂತ ಹೈಕೋರ್ಟ್ ಹೇಳಬೇಕಾಯಿತು. ಅಷ್ಟರಲ್ಲಿ ಹೋದ ಬೆಟ್ಟ ಹೋಗಿಯಾಗಿತ್ತು. ಕ್ರಷರಿಗೆ ಬಿದ್ದ ಕಲ್ಲು ಜಲ್ಲಿಯಾಗುತ್ತೆ, ಎಂ-ಸ್ಯಾಂಡ್ ಆಗುತ್ತೆ, ಲಾರಿ ಹತ್ತಿ ಹೋಗಿ ರಸ್ತೆಯಾಗಿಯೋ ಪಾರ್ಕಿಂಗ್ ಆಗಿಯೋ ಮಲಗುತ್ತೆ. ಹಾಗಾಗಿ ಬೆಟ್ಟ ನೋಡೋಕೆ ಅಂತ ಕಾರಲ್ಲಿ ಹೊರಟಾಗ ನಿಮ್ಮ ಚಕ್ರದ ಕೆಳಗೆ ಯಾವುದೋ ಒಂದು ಬೆಟ್ಟ ಇದ್ದೇ ಇರುತ್ತದೆ. ಅದನ್ನು ಹತ್ತಿದ್ದೀರಿ ಅಂತಲೇ ಲೆಕ್ಕ ಹಾಕಿಕೊಳ್ಳಿ. ಕಮಾನಿನ ಹತ್ತಿರ ಸರ್ಟಿಫಿಕೇಟ್ ಕೊಡೋಕೆ ಶುರು ಮಾಡಿದರೆ ಸುಮ್ನೆ ಬಿಡಬೇಡಿ, ಕೇಳಿ ತಗೊಳ್ಳಿ.